ಸ್ಲಾವರ ಬೋಧಕನಾದ ಮೆಥೋದಿಯನ ಚರಿತ್ರೆ

ನಮ್ಮ ಕರ್ತನು ಶಿಲುಬೆಗೆ ಹಾಕಲ್ಪಟ್ಟಾಗ ಪಿಲಾತನು ಅದರ ಮೇಲೆ ಹಚ್ಚಿಸಿದ ಬರಹವು ಇಬ್ರಿಯ, ಲತೀನ, ಗ್ರೀಕ ಎಂಬ ಮೂರು ಭಾಷೆಗಳಲ್ಲಿ ಇತ್ತೆಂದು ಯೋಹಾನನ ಸುವಾರ್ತೆಯನ್ನು ಓದಿದವರೆಲ್ಲರೂ ಬಲ್ಲರು. ಆ ಬರಹವನ್ನೇ ಆಧಾರವಾಗಿ ಹಿಡಿದುಕೊಂಡು, ದೇವರನ್ನು ಸ್ತುತಿಸುವದಕ್ಕೆ ಯೋಗ್ಯವಾದ ಭಾಷೆಗಳು ಲೋಕದಲ್ಲಿ ಈ ಮೂರೇ, ಉಳಿದ ಜನಾಂಗಗಳ ನುಡಿಗಳು ಆರಾಧನೆಗೆ ಸಲ್ಲುವದಿಲ್ಲ ಎಂದು ವಾದಿಸಿದ ಪಂಡಿತರು ಒಂದು ಕಾಲದಲ್ಲಿ ಇದ್ದರು. ಅವರ ವಾದಕ್ಕೆ ಅರಸರ ಕೈಬಲವು ಕೂಡಿದಾಗ, ತಾಯಿನುಡಿಯಲ್ಲಿ ದೇವಾರಾಧನೆ ನಡಿಸಿದ್ದೇ ಅಪರಾಧವಾಗಿ ಎಣಿಸಲ್ಪಟ್ಟು, ನಿರಪರಾಧಿಗಳು ಸೆರೆಮನೆಗೂ ದೇಶಭ್ರಷ್ಟತೆಗೂ ಒಳಗಾದರು. ಆ ಕಷ್ಟವನ್ನು ತನ್ನ ಮೈಮೇಲೆ ತಾಳಿಕೊಂಡ ಮೆಥೋದಿಯನೆಂಬ ದೇವಸೇವಕನ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಅಪೊಸ್ತಲನಾದ ಪೌಲನಿಂದ ಎರಡು ಪತ್ರಿಕೆಗಳನ್ನು ಹೊಂದಿದ ಥೆಸಲೋನಿಕ ಪಟ್ಟಣವೇ ಈತನ ಹುಟ್ಟೂರು. ಈತನು ಸುಮಾರು 815ನೆಯ ಇಸವಿಯಲ್ಲಿ ಹುಟ್ಟಿದನು. ತಂದೆಯಾದ ಲೆಯೋನನು ಗ್ರೀಕ ಚಕ್ರವರ್ತಿಯ ಸೈನ್ಯದಲ್ಲಿ ಅಧಿಕಾರಿಯಾಗಿದ್ದನು. ಆ ಮನೆಯ ಏಳು ಮಂದಿ ಮಕ್ಕಳಲ್ಲಿ ಕಡೆಯವನಾದ ಕೊನ್ಸ್ತಂತೀನನು ಮೆಥೋದಿಯನಿಗಿಂತ ಸುಮಾರು ಹನ್ನೆರಡು ವರುಷ ಚಿಕ್ಕವನು. ಪಟ್ಟಣದವರ ಮಾತು ಗ್ರೀಕವಾಗಿದ್ದರೂ, ಸುತ್ತಲಿನ ಸೀಮೆಯಲ್ಲಿ ಸ್ಲಾವರೆಂಬ ಜನರು ಒಕ್ಕಲಾಗಿದ್ದದರಿಂದ ಅವರ ನುಡಿಯು ಪಟ್ಟಣದೊಳಗೂ ಕೇಳಬರುತ್ತಿತ್ತು. ಅಣ್ಣತಮ್ಮಂದಿರಿಬ್ಬರೂ ಅದನ್ನು ಚಿಕ್ಕಂದಿನಲ್ಲೇ ಕಲಿತರು. ಹೊಲ ಉಳುವವರ ಆ ಮಾತು ಮುಂದೆ ದೇವರ ವಾಕ್ಯದ ಪಾತ್ರೆಯಾಗುವದೆಂದು ಆಗ ಯಾರೂ ಎಣಿಸಿರಲಿಲ್ಲ.

ಮೆಥೋದಿಯನು ಪ್ರಾಯಕ್ಕೆ ಬಂದ ಮೇಲೆ ಚಕ್ರವರ್ತಿಯು ಅವನನ್ನು ಸ್ಲಾವರಿದ್ದ ಒಂದು ಪ್ರಾಂತಕ್ಕೆ ಅಧಿಪತಿಯಾಗಿ ನೇಮಿಸಿದನು. ಹಲವು ವರುಷ ಆ ಕೆಲಸವನ್ನು ನಡಿಸಿದ ತರುವಾಯ, ಲೋಕದ ಅಧಿಕಾರದಲ್ಲಿ ಮನಸ್ಸಿಗೆ ನೆಮ್ಮದಿ ಕಾಣದೆ, ಪದವಿಯನ್ನು ಬಿಟ್ಟು ಚಿಕ್ಕ ಆಸ್ಯದ ಒಲುಂಪ ಬೆಟ್ಟದಲ್ಲಿದ್ದ ಮಠವನ್ನು ಸೇರಿದನು. ತಮ್ಮನಾದರೋ ರಾಜಧಾನಿಯಾದ ಕೊನ್ಸ್ತಂತಿನೋಪಲಿನಲ್ಲಿ ಓದಿ, ತತ್ವಜ್ಞಾನಿಯೆಂಬ ಹೆಸರನ್ನು ಹೊಂದಿ, ಅಲ್ಲಿಯೇ ಉಪಾಧ್ಯಾಯನಾದನು. 860ರಲ್ಲಿ ಇಬ್ಬರೂ ಕೂಡಿ ಚಕ್ರವರ್ತಿಯ ಅಪ್ಪಣೆಯಂತೆ ಕಪ್ಪು ಸಮುದ್ರದ ಬಡಗಲಿದ್ದ ಖಜರರ ದೇಶಕ್ಕೆ ಹೋಗಿ ಕ್ರಿಸ್ತನ ವಿಷಯವಾಗಿ ಸಂವಾದಮಾಡಿ ಬಂದರು.

ಇದಾದ ಎರಡು ವರುಷಕ್ಕೆ, ಅಂದರೆ 862ರಲ್ಲಿ, ಮೊರಾವ್ಯ ದೇಶದ ಪ್ರಭುವಾದ ರಸ್ತಿಸ್ಲಾವನಿಂದ ದೂತರು ಕೊನ್ಸ್ತಂತಿನೋಪಲಿಗೆ ಬಂದರು. ಈ ದೇಶವು ಈಗಿನ ಚೆಕ್ ಮತ್ತು ಸ್ಲೊವಾಕಿಯ ಸೀಮೆಗಳಲ್ಲಿತ್ತು. ಅದರ ಜನರು ಸ್ಲಾವರು. ಅವರಲ್ಲಿ ಅನೇಕರು ಮೊದಲೇ ದೀಕ್ಷಾಸ್ನಾನ ಹೊಂದಿದ್ದರು. ಆದರೆ ನೆರೆಯ ಜರ್ಮನ್ ರಾಜ್ಯದಿಂದ ಬಂದ ಬವೇರ್ಯದ ಪಾದ್ರಿಗಳು ಆರಾಧನೆಯನ್ನೆಲ್ಲಾ ಲತೀನದಲ್ಲಿ ನಡಿಸುತ್ತಿದ್ದದರಿಂದ, ಜನರು ದೇವಾಲಯದಲ್ಲಿ ನಿಂತು ಕೇಳಿಯೂ ಏನೂ ತಿಳಿಯದೆ ಮನೆಗೆ ಹಿಂದಿರುಗುತ್ತಿದ್ದರು. ತಮ್ಮ ನುಡಿಯಲ್ಲಿ ಸತ್ಯಮತವನ್ನು ವಿವರಿಸುವ ಬೋಧಕರನ್ನು ಕಳುಹಿಸಿಕೊಡಬೇಕೆಂದು ರಸ್ತಿಸ್ಲಾವನು ಬೇಡಿಕೊಂಡನು. ಈ ಬೇಡಿಕೆಯಲ್ಲಿ ಭಕ್ತಿಯ ಸಂಗಡ ರಾಜಕಾರ್ಯವೂ ಬೆರೆತಿತ್ತೆಂಬದನ್ನು ಮರೆಮಾಡಬಾರದು. ಪಾದ್ರಿಗಳ ಹಿಂದೆ ಜರ್ಮನರ ಅರಸನಾದ ಲುದ್ವಿಗನ ಅಧಿಕಾರವು ತನ್ನ ದೇಶದೊಳಗೆ ನುಗ್ಗುವದೆಂಬ ಭಯವು ಆ ಪ್ರಭುವಿಗೆ ಇತ್ತು.

ಚಕ್ರವರ್ತಿಯಾದ ಮೂರನೆಯ ಮಿಖಾಯೇಲನು ಈ ಸೇವೆಗೆ ಥೆಸಲೋನಿಕದ ಅಣ್ಣತಮ್ಮಂದಿರನ್ನೇ ಆರಿಸಿದನು. ಆದರೆ ಪುಸ್ತಕ ಬರೆಯಲಿಕ್ಕೆ ತಕ್ಕ ಅಕ್ಷರಗಳು ಸ್ಲಾವರಿಗೆ ಇರಲಿಲ್ಲ. ಅಕ್ಷರವಿಲ್ಲದೆ ಬೋಧಿಸುವದು ನೀರಿನ ಮೇಲೆ ಬರೆದಂತೆ ಎಂದು ತಿಳಿದು, ಕೊನ್ಸ್ತಂತೀನನು ಪ್ರಾರ್ಥನೆಮಾಡಿ, ಆ ನುಡಿಯ ಒಂದೊಂದು ಧ್ವನಿಯನ್ನೂ ಆಲಿಸಿ, ಹೊಸ ಲಿಪಿಯೊಂದನ್ನು ಕಲ್ಪಿಸಿದನು. ಗ್ಲಾಗೊಲಿತಿಕವೆಂದು ಹೆಸರುಗೊಂಡ ಆ ಲಿಪಿಯಲ್ಲಿ ಮೊಟ್ಟಮೊದಲು ಬರೆದದ್ದು ವಾಕ್ಯವೆಂಬಾತನು ಆದಿಯಲ್ಲಿ ಇದ್ದನೆಂದು ತಿಳಿಸುವ ಯೋಹಾನನ ಸುವಾರ್ತೆಯ ಆರಂಭವೇ. 863ರಲ್ಲಿ ಇಬ್ಬರೂ ಮೊರಾವ್ಯವನ್ನು ಮುಟ್ಟಿ, ಹುಡುಗರನ್ನು ಕೂಡಿಸಿ ಓದುಬರಹ ಕಲಿಸಿದರು. ಸುವಾರ್ತೆಗಳನ್ನೂ ಕೀರ್ತನೆಗಳನ್ನೂ ಆರಾಧನಾಕ್ರಮವನ್ನೂ ಸ್ಲಾವ ನುಡಿಗೆ ತಿರುಗಿಸಿದರು. ಸುಮಾರು ನಾಲ್ವತ್ತು ತಿಂಗಳು ಈ ಕೆಲಸವು ನಡೆಯಿತು. ಅಲ್ಲಿಯ ರೈತರು ತಮ್ಮ ತಾಯಂದಿರ ಮಾತಿನಲ್ಲಿ ದೇವರ ಸ್ತೋತ್ರವನ್ನು ಮೊದಲ ಸಾರಿ ಕೇಳಿ ಬಹಳ ಸಂತೋಷಪಟ್ಟರು.

ಆದರೆ ಈ ಸಂತೋಷವು ಬವೇರ್ಯದ ಬಿಷಪರಿಗೆ ಕೋಪವನ್ನು ಹುಟ್ಟಿಸಿತು. ಆ ಸೀಮೆಯು ತಮ್ಮದು, ಅಲ್ಲಿಯ ಸಭೆಯು ತಮ್ಮದು, ಅಲ್ಲಿಂದ ಬರತಕ್ಕ ದಶಮಾಂಶವೂ ತಮ್ಮದು ಎಂಬದು ಅವರ ಹಟ. ಭಾಷೆಯ ವಿಷಯದಲ್ಲಿ ಅವರು ಪಿಲಾತನ ಬರಹವನ್ನು ಎತ್ತಿ ಹೇಳಿದರು. ಆಶ್ಚರ್ಯವೇನಂದರೆ, ಇದಕ್ಕೆ ಎಪ್ಪತ್ತು ವರುಷ ಮುಂಚೆ 794ರಲ್ಲಿ, ಮಹಾ ಚಾರ್ಲಿಯು ಅರಸನಾಗಿದ್ದಾಗ ಫ್ರಾಂಕ್‌ಫರ್ಟಿನಲ್ಲಿ ಕೂಡಿದ ಅವರದೇ ಪಕ್ಷದ ಸಭಾಸಂಘವು, ದೇವರನ್ನು ಮೂರೇ ಭಾಷೆಗಳಲ್ಲಿ ಪ್ರಾರ್ಥಿಸಬೇಕೆಂದು ಯಾರೂ ನಂಬಬಾರದೆಂದು ತೀರ್ಮಾನಿಸಿತ್ತು. ಸ್ವಂತ ಲಾಭವು ಅಡ್ಡಬಂದಾಗ ಮನುಷ್ಯರು ತಮ್ಮ ಹಿರಿಯರ ತೀರ್ಮಾನವನ್ನೂ ಮರೆಯುವದುಂಟು.

ಅಣ್ಣತಮ್ಮಂದಿರು ತಮ್ಮ ಶಿಷ್ಯರಿಗೆ ದೀಕ್ಷೆ ಕೊಡಿಸುವದಕ್ಕೋಸ್ಕರ ತೆಂಕಲಾಗಿ ಹೊರಟರು. ದಾರಿಯಲ್ಲಿ ಪನ್ನೋನ್ಯದ ಪ್ರಭುವಾದ ಕೋತ್ಸೆಲನು ಅವರನ್ನು ಮರ್ಯಾದೆಯಿಂದ ಸೇರಿಸಿಕೊಂಡು, ತಾನೂ ಸ್ಲಾವ ಅಕ್ಷರಗಳನ್ನು ಕಲಿತು, ಸುಮಾರು ಐವತ್ತು ಮಂದಿ ವಿದ್ಯಾರ್ಥಿಗಳನ್ನು ಅವರ ವಶಕ್ಕೆ ಕೊಟ್ಟನು. 867ರಲ್ಲಿ ವೆನಿಸ್ ಪಟ್ಟಣಕ್ಕೆ ಬಂದಾಗ ಅಲ್ಲಿಯ ಬಿಷಪರೂ ಪಾದ್ರಿಗಳೂ ಸನ್ಯಾಸಿಗಳೂ ಅವರ ಮೇಲೆ ಎರಗಿ, ಯಾರೂ ಕೇಳದ ಅಕ್ಷರಗಳನ್ನು ಉಂಟುಮಾಡುವದಕ್ಕೆ ಅಧಿಕಾರ ಕೊಟ್ಟವರಾರೆಂದು ಕೇಳಿದರು. ಕೊನ್ಸ್ತಂತೀನನು ಅವರಿಗೆ ಪ್ರತ್ಯುತ್ತರವಾಗಿ, ದೇವರು ಮಳೆಯನ್ನೂ ಬಿಸಿಲನ್ನೂ ಎಲ್ಲರಿಗೂ ಸಮನಾಗಿ ಕೊಡುವಾಗ ಮೂರು ಜನಾಂಗಗಳಿಗೆ ಮಾತ್ರ ಬಾಯಿ ಕೊಟ್ಟು ಉಳಿದವರನ್ನು ಮೂಕರನ್ನಾಗಿ ಇಡುವನೋ ಎಂದು ವಾದಿಸಿದನು. ಅರ್ಮೇನ್ಯರು, ಪಾರಸಿಯರು, ಗೋಥರು, ಐಗುಪ್ತರು, ಸುರ್ಯರು ಮೊದಲಾದ ಅನೇಕ ಜನಾಂಗಗಳು ತಮ್ಮ ತಮ್ಮ ನುಡಿಗಳಲ್ಲಿ ದೇವರನ್ನು ಕೊಂಡಾಡುವದನ್ನು ತೋರಿಸಿಕೊಟ್ಟನು. ತಿಳಿಯದ ಭಾಷೆಯಲ್ಲಿ ಮಾಡಿದ ಸ್ತೋತ್ರಕ್ಕೆ ಕೇಳುವವನು ಹೇಗೆ ಆಮೆನ್ ಅನ್ನಬಹುದೆಂದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯವನ್ನು ಅವರ ಮುಂದೆ ಬಿಚ್ಚಿದನು. ಮೂರೇ ಭಾಷೆಗಳೆಂದು ಹಟಹಿಡಿದವರಿಗೆ ಪಿಲಾತೀಯರೆಂಬ ಅಡ್ಡಹೆಸರು ಬಂತು. ಯಾಕಂದರೆ ಅವರಿಗೆ ಅಪೊಸ್ತಲರ ಬೋಧನೆಗಿಂತ ಪಿಲಾತನ ಬರಹವೇ ದೊಡ್ಡದಾಗಿ ಕಂಡಿತು.

ಆಗ ರೋಮಿನ ಪೋಪನು ಅವರನ್ನು ಕರೇಕಳುಹಿಸಿದ್ದನು. ಪೋಪನಾದ ಎರಡನೆಯ ಹದ್ರಿಯಾನನು ಅವರನ್ನು ಗೌರವದಿಂದ ಎದುರುಗೊಂಡು, ಸ್ಲಾವ ಪುಸ್ತಕಗಳನ್ನು ದೇವಾಲಯದ ಪೀಠದ ಮೇಲೆ ಇಡಿಸಿ ಆಶೀರ್ವದಿಸಿ, ಮೆಥೋದಿಯನಿಗೂ ಶಿಷ್ಯರಲ್ಲಿ ಕೆಲವರಿಗೂ ದೀಕ್ಷೆ ಕೊಡಿಸಿದನು. ರೋಮಾಪುರಿಯ ದೊಡ್ಡ ದೇವಾಲಯಗಳಲ್ಲಿಯೂ ಸ್ಲಾವ ನುಡಿಯ ಆರಾಧನೆ ನಡೆಯಿತು. ಆದರೆ ಅಷ್ಟರಲ್ಲಿ ಕೊನ್ಸ್ತಂತೀನನು ರೋಗದಲ್ಲಿ ಬಿದ್ದು, ಸನ್ಯಾಸವನ್ನು ಕೈಕೊಂಡು, ಕಿರಿಲ್ಲನೆಂಬ ಹೆಸರನ್ನು ಹೊಂದಿ, 869ನೆಯ ಇಸವಿ ಫೆಬ್ರವರಿ 14ರಲ್ಲಿ ನಾಲ್ವತ್ತೆರಡನೆಯ ಪ್ರಾಯದಲ್ಲಿ ನಿದ್ರೆಹೋದನು. ಸಾಯುವದಕ್ಕೆ ಮುಂಚೆ ಅಣ್ಣನನ್ನು ಬಳಿಗೆ ಕರೆದು, ತಾವಿಬ್ಬರೂ ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳಂತೆ ಒಂದೇ ಸಾಲನ್ನು ಉಳುತ್ತಿದ್ದೆವೆಂದೂ, ತಾನು ಈಗ ಸಾಲಿನಲ್ಲೇ ಕುಸಿಯುತ್ತೇನೆಂದೂ, ಅಣ್ಣನಿಗೆ ಬೆಟ್ಟದ ಮಠದ ಮೇಲೆ ಬಹಳ ಪ್ರೀತಿಯಿದ್ದರೂ ಅದಕ್ಕಾಗಿ ಬೋಧನೆಯ ಕೆಲಸವನ್ನು ಬಿಟ್ಟುಹೋಗಬಾರದೆಂದೂ ಬೇಡಿಕೊಂಡನು. ಉಳುಮೆ ಬಲ್ಲ ನಮ್ಮ ಹಳ್ಳಿಯ ಸಹೋದರರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಜೊತೆಯ ಎತ್ತು ಬಿದ್ದ ಮೇಲೆ ಒಂಟಿ ಎತ್ತು ನೊಗ ಹೊರುವದು ಎಷ್ಟು ಕಷ್ಟವೆಂದು ನೀವೇ ಬಲ್ಲಿರಿ.

ಮೆಥೋದಿಯನು ಆ ನೊಗವನ್ನು ಕೆಳಗಿಡಲಿಲ್ಲ. ಆತನು ಪನ್ನೋನ್ಯಕ್ಕೂ ಮೊರಾವ್ಯಕ್ಕೂ ಆರ್ಚ್‌ಬಿಷಪನಾಗಿ ನೇಮಕಹೊಂದಿ ಹಿಂದಿರುಗಿದನು. ಆದರೆ 870ರಲ್ಲಿ ರಸ್ತಿಸ್ಲಾವನ ಅಣ್ಣನ ಮಗನಾದ ಸ್ವಾತೊಪ್ಲೂಕನು ತನ್ನ ಚಿಕ್ಕಪ್ಪನನ್ನು ಜರ್ಮನರಿಗೆ ಹಿಡಿದುಕೊಟ್ಟನು. ಜರ್ಮನರು ರಸ್ತಿಸ್ಲಾವನ ಕಣ್ಣುಗಳನ್ನು ಕೀಳಿಸಿ ಅವನನ್ನು ಸೆರೆಯಲ್ಲಿಟ್ಟರು. ಆಶ್ರಯವಾಗಿದ್ದ ಪ್ರಭುವು ಬಿದ್ದ ಕೂಡಲೇ ಮೆಥೋದಿಯನೂ ಹಿಡಿಯಲ್ಪಟ್ಟನು. ಅರಸನಾದ ಲುದ್ವಿಗನ ಮುಂದೆ ಬವೇರ್ಯದ ಬಿಷಪರು ನ್ಯಾಯಸ್ಥಾನದಲ್ಲಿ ಕೂತು, ಪರರ ಸೀಮೆಯಲ್ಲಿ ಬೋಧಿಸಿದನೆಂಬ ಅಪರಾಧವನ್ನು ಈತನ ಮೇಲೆ ಹೊರಿಸಿದರು. ದೂರು ಹೇಳುವವರೂ ಅವರೇ, ನ್ಯಾಯ ತೀರಿಸುವವರೂ ಅವರೇ. ಪಸ್ಸೌವಿನ ಬಿಷಪನಾದ ಹೆರ್ಮನ್‌ರಿಕನು ಕುದುರೆಯ ಚಾವಟಿಯನ್ನು ಎತ್ತಿ ಈತನನ್ನು ಹೊಡೆಯಹೋದನು, ಇತರರು ತಡೆದರು. ಕಡೆಗೆ ಸುಮಾರು ಐವತ್ತೈದು ವರುಷದ ಈ ಹಿರಿಯನನ್ನು ಸ್ವಾಬ್ಯ ಸೀಮೆಗೆ ಒಯ್ದು ಎರಡೂವರೆ ವರುಷ ಸೆರೆಯಲ್ಲಿಟ್ಟರು. ಈ ಸಂಗತಿಯು ರೋಮಿಗೆ ತಿಳಿಯದಂತೆ ಬಹಳ ಜಾಗ್ರತೆಪಟ್ಟರು.

873ರಲ್ಲಿ ಪೋಪನಾದ ಎಂಟನೆಯ ಯೋಹಾನನು ಇದನ್ನು ತಿಳಿದು, ಆ ಬಿಷಪರನ್ನು ಗದರಿಸಿ ಮೆಥೋದಿಯನನ್ನು ಬಿಡಿಸಿದನು. ಆದರೆ ಬಿಡುಗಡೆಯ ಸಂಗಡಲೇ ಒಂದು ಅಪ್ಪಣೆಯೂ ಬಂತು. ಸ್ಲಾವ ನುಡಿಯಲ್ಲಿ ಪ್ರಸಂಗ ಮಾಡಬಹುದು, ಕರ್ತನ ಭೋಜನದ ಆರಾಧನೆಯನ್ನು ಮಾತ್ರ ಅದರಲ್ಲಿ ನಡಿಸಬಾರದು ಎಂಬದೇ ಆ ಅಪ್ಪಣೆ. ಮೆಥೋದಿಯನು ತನ್ನ ಸಭೆಗಳನ್ನು ಮೂಕರನ್ನಾಗಿ ಮಾಡಲಿಕ್ಕೆ ಮನಸ್ಸಿಲ್ಲದೆ, ಅವರ ನುಡಿಯಲ್ಲೇ ಆರಾಧನೆಯನ್ನು ಮುಂದುವರಿಸಿದನು. ಅಷ್ಟರಲ್ಲಿ ಸ್ವಾತೊಪ್ಲೂಕನು ಜರ್ಮನರಿಗೆ ತಿರುಗಿಬಿದ್ದು ಮೊರಾವ್ಯದ ಅರಸನಾಗಿದ್ದನು. ಅವನು ಪರಾಕ್ರಮಿಯಾಗಿದ್ದರೂ, ಲತೀನ ಆರಾಧನೆಯನ್ನೇ ಹೆಚ್ಚಾಗಿ ಮೆಚ್ಚಿದನು. 879ರಲ್ಲಿ ಮೆಥೋದಿಯನ ಮೇಲೆ ರೋಮಿಗೆ ಪುನಃ ದೂರು ಹೋಯಿತು. ಮುದುಕನಾದ ಈತನು 880ರಲ್ಲಿ ಮತ್ತೆ ಆಲ್ಪ್ಸ್ ಬೆಟ್ಟಗಳನ್ನು ದಾಟಿ ರೋಮಿಗೆ ಹೋಗಿ ತನ್ನ ನಂಬಿಕೆಯನ್ನು ಅರಿಕೆಮಾಡಿದನು. ಪೋಪನು ತೃಪ್ತಿಹೊಂದಿ, ಮೂರು ಮುಖ್ಯ ಭಾಷೆಗಳನ್ನು ಉಂಟುಮಾಡಿದ ದೇವರೇ ಬೇರೆಲ್ಲಾ ಭಾಷೆಗಳನ್ನೂ ತನ್ನ ಮಹಿಮೆಗಾಗಿ ಉಂಟುಮಾಡಿದ್ದಾನೆಂಬ ಅರ್ಥವುಳ್ಳ ಪತ್ರವನ್ನು ಸ್ವಾತೊಪ್ಲೂಕನಿಗೆ ಬರೆದು ಸ್ಲಾವ ಆರಾಧನೆಗೆ ಒಪ್ಪಿಗೆ ಕೊಟ್ಟನು. ಸುವಾರ್ತೆಯನ್ನು ಮೊದಲು ಲತೀನದಲ್ಲಿ ಓದಿ ಬಳಿಕ ಸ್ಲಾವ ನುಡಿಯಲ್ಲಿ ಓದಬೇಕೆಂದೂ, ಅರಸನಿಗೂ ಅವನ ಅಧಿಕಾರಿಗಳಿಗೂ ಲತೀನವೇ ಇಷ್ಟವಾದರೆ ಅವರಿಗೆ ಹಾಗೆಯೇ ನಡಿಸಬೇಕೆಂದೂ ಕಟ್ಟಳೆಯಾಯಿತು. ಆದರೆ ಅದೇ ಸಮಯದಲ್ಲಿ ವಿಹಿಂಗನೆಂಬ ಜರ್ಮನ್ ಪಾದ್ರಿಯು ಈತನ ಕೈಕೆಳಗೆ ನಿತ್ರದ ಬಿಷಪನಾಗಿ ನೇಮಿಸಲ್ಪಟ್ಟು, ಕಡೆಯ ವರೆಗೂ ಈತನಿಗೆ ಕಾಲಮುಳ್ಳಾದನು.

ತನ್ನ ದಿನಗಳು ಮುಗಿಯುತ್ತಾ ಬಂದವೆಂದು ತಿಳಿದು ಮೆಥೋದಿಯನು ವ್ಯಾಜ್ಯಗಳನ್ನು ಬಿಟ್ಟು ಒಂದೇ ಕೆಲಸಕ್ಕೆ ಮನಸ್ಸಿಟ್ಟನು. ಶಿಷ್ಯರಲ್ಲಿ ವೇಗವಾಗಿ ಬರೆಯಬಲ್ಲವರನ್ನು ಕೂಡ್ರಿಸಿಕೊಂಡು, ಮಕ್ಕಬಿಯರ ಪುಸ್ತಕಗಳನ್ನು ಬಿಟ್ಟು ಸತ್ಯವೇದದ ಉಳಿದ ಭಾಗಗಳನ್ನೆಲ್ಲಾ ಗ್ರೀಕದಿಂದ ಸ್ಲಾವ ನುಡಿಗೆ ಕೆಲವು ತಿಂಗಳುಗಳಲ್ಲೇ ತಿರುಗಿಸಿ ಮುಗಿಸಿದನು. ಬಳಿಕ, ತನ್ನ ತರುವಾಯ ಸಭೆಯನ್ನು ನಡಿಸುವದಕ್ಕೆ ಆ ದೇಶದವನೇ ಆಗಿ ಲತೀನದಲ್ಲಿಯೂ ಪಂಡಿತನಾಗಿದ್ದ ಗೊರಜ್ದನನ್ನು ಗೊತ್ತುಮಾಡಿದನು. 885ನೆಯ ಇಸವಿಯಲ್ಲಿ ಗರಿಗಳ ಭಾನುವಾರ ನಿತ್ರಾಣನಾಗಿಯೇ ದೇವಾಲಯಕ್ಕೆ ಬಂದು ಜನರನ್ನು ಆಶೀರ್ವದಿಸಿ, ಆ ವಾರದ ಮಂಗಳವಾರ, ಏಪ್ರಿಲ್ 6ರಲ್ಲಿ, ಪ್ರಾಣಬಿಟ್ಟನು. ಉತ್ತರಕ್ರಿಯೆಯ ಆರಾಧನೆಯು ಲತೀನ, ಗ್ರೀಕ, ಸ್ಲಾವ ಎಂಬ ಮೂರು ಭಾಷೆಗಳಲ್ಲಿಯೂ ನಡೆಯಿತು. ಪಿಲಾತನ ಬರಹದಲ್ಲಿ ಇಲ್ಲದ ನುಡಿಯೊಂದು ಆ ದಿನ ದೊಡ್ಡ ಭಾಷೆಗಳ ಪಕ್ಕದಲ್ಲಿ ಸಮನಾಗಿ ನಿಂತಿತು.

ಆದರೆ ಗುರುವಿನ ಸಮಾಧಿಯ ಮಣ್ಣು ಒಣಗುವದರೊಳಗೆ ಬಿರುಗಾಳಿ ಎದ್ದಿತು. ವಿಹಿಂಗನು ರೋಮಿಗೆ ಹೋಗಿ ಹೊಸ ಪೋಪನಾದ ಸ್ತೆಫಾನನಿಂದ ಸ್ಲಾವ ಆರಾಧನೆಗೆ ತಡೆಯನ್ನು ಹೊಂದಿದನು. ಅರಸನು ಅದಕ್ಕೆ ಸೈನಿಕರ ಬಲವನ್ನು ಕೊಟ್ಟನು. ಮೆಥೋದಿಯನ ಸುಮಾರು ಇನ್ನೂರು ಮಂದಿ ಶಿಷ್ಯರಲ್ಲಿ ಕೆಲವರು ಸೆರೆಯಲ್ಲಿ ಹಾಕಲ್ಪಟ್ಟರು, ಕೆಲವರು ಹೊಡೆಯಲ್ಪಟ್ಟು ದೇಶದಿಂದ ಅಟ್ಟಲ್ಪಟ್ಟರು. ಎಳೆಯ ಪ್ರಾಯದವರನ್ನು ಗುಲಾಮರ ವ್ಯಾಪಾರಿಗಳಿಗೆ ಮಾರಿ ವೆನಿಸಿಗೆ ಸಾಗಿಸಿದರು. ಅಲ್ಲಿ ಗ್ರೀಕ ಚಕ್ರವರ್ತಿಯ ಅಧಿಕಾರಿಯೊಬ್ಬನು ಅವರನ್ನು ಕ್ರಯಕೊಟ್ಟು ಬಿಡಿಸಿದನು. ಇಪ್ಪತ್ತೆರಡು ವರುಷಗಳ ಪ್ರಯಾಸವು ಒಂದೇ ವರುಷದಲ್ಲಿ ಬೇರುಸಹಿತ ಕಿತ್ತುಹೋಯಿತೆಂದು ಶತ್ರುಗಳು ಎಣಿಸಿರಬೇಕು.

ದೇವರ ಎಣಿಕೆಯು ಬೇರೆಯಾಗಿತ್ತು. ಅಟ್ಟಲ್ಪಟ್ಟವರಲ್ಲಿ ಕ್ಲೆಮೆಂತನೂ ನೌಮನೂ ದಾನ್ಯೂಬ್ ನದಿಯನ್ನು ದಾಟಿ ಬುಲ್ಗಾರ್ಯ ದೇಶಕ್ಕೆ ಬಂದಾಗ, ಅಲ್ಲಿಯ ಅರಸನಾದ ಬೋರಿಸನು ಅವರನ್ನು ಸಂತೋಷದಿಂದ ಸೇರಿಸಿಕೊಂಡನು. ಕ್ಲೆಮೆಂತನು ಓಹ್ರಿದ್ ಸೀಮೆಯಲ್ಲಿ ಮೂರು ಸಾವಿರದ ಐನೂರು ಮಂದಿಗೆ ವಿದ್ಯೆ ಕಲಿಸಿದನೆಂದು ಅವನ ಚರಿತ್ರೆಯಲ್ಲಿ ಹೇಳಿದೆ. ಆ ದೇಶದಲ್ಲೇ ಈ ಶಿಷ್ಯವರ್ಗದವರಿಂದ ಮತ್ತೊಂದು ಸುಲಭವಾದ ಲಿಪಿಯು ಹುಟ್ಟಿ, ಕಿರಿಲ್ಲನ ಹೆಸರನ್ನು ಹೊತ್ತು, ರಷ್ಯ ಮೊದಲಾದ ದೇಶಗಳಿಗೆ ಹಬ್ಬಿತು. ಇಂದಿಗೂ ಕೋಟ್ಯಂತರ ಜನರು ಅದರಲ್ಲಿ ಓದುತ್ತಾರೆ. ಸ್ವಾತೊಪ್ಲೂಕನ ರಾಜ್ಯವಾದರೋ ಮೆಥೋದಿಯನು ಸತ್ತು ಇಪ್ಪತ್ತೈದು ವರುಷ ತುಂಬುವದರೊಳಗೆ ಹಂಗೇರಿಯವರ ದಾಳಿಯಿಂದ ಹಾಳಾಯಿತು. ಅದೇ ಮೊರಾವ್ಯದ ಕ್ರಾಲಿತ್ಸೆ ಎಂಬ ಊರಿನಲ್ಲಿ ಸಹೋದರ ಸಭೆಯವರು 1579ರಿಂದ ಚೆಕ್ ನುಡಿಯ ಸತ್ಯವೇದವನ್ನು ಮುದ್ರಿಸಿದರು. ಆ ಸಭೆಯ ಸಂತತಿಯವರೇ 1732ರಿಂದ ದೂರ ದ್ವೀಪಗಳಿಗೆ ಮಿಶನರಿಗಳಾಗಿ ಹೊರಟರು. ರೋಮಿನ ಸಭೆಯೂ 1963ರಲ್ಲಿ ವತಿಕಾನಿನ ಮಹಾಸಂಘದ ತೀರ್ಮಾನದಿಂದ ಆಯಾ ಜನರ ನುಡಿಗಳಿಗೆ ಆರಾಧನೆಯಲ್ಲಿ ಬಾಗಿಲು ತೆರೆಯಿತು. ಮೆಥೋದಿಯನು ಬೇಡಿಕೊಂಡದ್ದು ಸಿಕ್ಕಲಿಕ್ಕೆ ಸಾವಿರದ ಎಂಭತ್ತು ವರುಷಗಳ ಮೇಲೆ ಹಿಡಿಯಿತು.

ಪ್ರಿಯರೇ, ಈ ಚರಿತ್ರೆಯಿಂದ ನಮಗೆ ತಿಳಿಯಬೇಕಾದದ್ದೇನು? ಮೊದಲನೆಯದಾಗಿ, ಅರಸರ ದಯೆಯ ಮೇಲೆ ನಿಂತ ಆರಾಧನೆಯು ಮರಳಿನ ಮೇಲೆ ಕಟ್ಟಿದ ಮನೆಯಂತಿದೆ. ರಸ್ತಿಸ್ಲಾವನು ಕರೆದದ್ದರಿಂದ ಸ್ಲಾವ ನುಡಿಯು ದೇವಾಲಯವನ್ನು ಹೊಕ್ಕಿತು. ಸ್ವಾತೊಪ್ಲೂಕನು ಮುಖ ತಿರುಗಿಸಿದ್ದರಿಂದ ಹೊರಗೆ ಹಾಕಲ್ಪಟ್ಟಿತು. ಕರೆಯುವದಕ್ಕೆ ಅಧಿಕಾರವುಳ್ಳವನಿಗೆ ಅಟ್ಟುವದಕ್ಕೂ ಅಧಿಕಾರ ಉಂಟಾಗುತ್ತದೆ. ಆದದರಿಂದ ಆರಾಧನೆಯ ಭಾಷೆಯನ್ನು ನಿಶ್ಚಯಿಸುವ ಹಕ್ಕು ಆರಾಧಿಸುವ ಸಭೆಯಲ್ಲೇ ಇರಬೇಕು. ನಮ್ಮ ದೇಶದಲ್ಲಿ 1950ರಿಂದ ನಡೆಯುವ ರಾಜ್ಯಾಂಗವು, ತನ್ನ 25ನೆಯ ವಿಧಿಯಲ್ಲಿ ಮನಸ್ಸಾಕ್ಷಿಗೂ ಮತಾಚರಣೆಗೂ ಸ್ವಾತಂತ್ರ್ಯವನ್ನೂ, 29ನೆಯ ವಿಧಿಯಲ್ಲಿ ಆಯಾ ಜನರು ತಮ್ಮ ಭಾಷೆಯನ್ನೂ ಲಿಪಿಯನ್ನೂ ಕಾಪಾಡಿಕೊಳ್ಳುವ ಹಕ್ಕನ್ನೂ ಹೇಳಿದೆ. ಮೆಥೋದಿಯನಿಗೆ ಇಲ್ಲದ ಈ ಭಾಗ್ಯಕ್ಕಾಗಿ ದೇವರಿಗೆ ಸ್ತೋತ್ರಮಾಡಿ, ಅದನ್ನು ನಮಗೆ ಮಾತ್ರವಲ್ಲ, ನಮ್ಮ ನೆರೆಯವರಿಗೂ ಅದೇ ಅಳತೆಯಿಂದ ಬಯಸುವದು ನಮ್ಮ ಕರ್ತವ್ಯ.

ಎರಡನೆಯದಾಗಿ, ನಾವು ಕನ್ನಡದಲ್ಲಿ ಸತ್ಯವೇದವನ್ನು ಓದುವದು ಸುಮ್ಮನೆ ಬಂದ ವಿಷಯವಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಶನಿನ ಹ್ಯಾಂಡ್ಸ್ ದೊರೆಗಳು ವರುಷಗಟ್ಟಳೆ ಪ್ರಯಾಸಪಟ್ಟ ಮೇಲೆ 1831ರಲ್ಲಿ ಇಡೀ ಸತ್ಯವೇದವು ಕನ್ನಡದಲ್ಲಿ ಪೂರ್ತಿಯಾಯಿತು. ಕರಾವಳಿಯಲ್ಲಿ ಮನೆಮಾತು ತುಳುವಾಗಿದ್ದವರಿಗೋಸ್ಕರ ಬಾಸೆಲ್ ಮಿಶನಿನವರು 1847ರಲ್ಲಿ ಹೊಸ ಒಡಂಬಡಿಕೆಯನ್ನು ಆ ನುಡಿಯಲ್ಲೇ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ತುಳುವಿಗೆ ಕನ್ನಡವೇ ಸಾಕೆಂದು ಅವರು ಹೇಳಬಹುದಿತ್ತು. ಹಾಗೆ ಹೇಳಲಿಲ್ಲ.

ಮೂರನೆಯದಾಗಿ, ನಮ್ಮನ್ನೇ ಶೋಧಿಸಿಕೊಳ್ಳೋಣ. ಪಿಲಾತೀಯರು ಬವೇರ್ಯದಲ್ಲಿ ಮಾತ್ರ ಇದ್ದರೆಂದು ನೆನಸಬಾರದು. ಓದುಬರಹ ಬಲ್ಲವರ ಕನ್ನಡವೇ ಪ್ರಾರ್ಥನೆಗೆ ತಕ್ಕದ್ದೆಂದೂ, ಲಂಬಾಣಿಯನ್ನೋ ತುಳುವನ್ನೋ ಹಳ್ಳಿಯ ಒಡ್ಡುಗನ್ನಡವನ್ನೋ ಆಡುವ ಮುದುಕಿಯ ಪ್ರಾರ್ಥನೆಯು ಸಭೆಯ ಮರ್ಯಾದೆಗೆ ಕುಂದೆಂದೂ ಎಣಿಸುವ ಮನಸ್ಸು ನಮ್ಮ ಬೆಂಚುಗಳಲ್ಲಿಯೂ ಕೂತಿರಬಹುದು. ಸ್ಲಾವ ನುಡಿಯೂ ಕಾಲಕ್ರಮದಲ್ಲಿ ಹಳೆಯದಾಗಿ, ಅನೇಕ ಸ್ಲಾವ ಸಭೆಗಳಲ್ಲಿ ಜನಸಾಮಾನ್ಯರಿಗೆ ತಿಳಿಯದ ಆರಾಧನಾಭಾಷೆಯಾಗಿ ನಿಂತಿತು. ತಂದೆಗಳಿಗೆ ಬಾಗಿಲಾದದ್ದು ಮಕ್ಕಳಿಗೆ ಗೋಡೆಯಾಗುವದುಂಟು. ಉಪದೇಶಿಯಾದ ನನಗೂ ಇದು ಎಚ್ಚರಿಕೆಯ ಮಾತು. ನಾನು ಮಾಡುವ ಪ್ರಸಂಗವು ಹಿಂದಿನ ಸಾಲಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ತಿಳಿಯದಿದ್ದರೆ, ನಾನು ಲತೀನದಲ್ಲಿ ಮಾತಾಡಿದ ಹಾಗೆಯೇ ಆಯಿತು.

ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಇಳಿದುಬಂದಾಗ ಕೂಡಿಬಂದವರಲ್ಲಿ ಒಬ್ಬೊಬ್ಬನೂ ದೇವರ ಮಹತ್ತುಗಳನ್ನು ತನ್ನ ಹುಟ್ಟುನುಡಿಯಲ್ಲೇ ಕೇಳಿದನು. ಅದನ್ನು ತಡೆಯುವದಕ್ಕೆ ಯಾವ ಅರಸನಿಗೂ ಯಾವ ಸಭೆಗೂ ಅಧಿಕಾರವಿಲ್ಲ. ಒಂಟಿ ಎತ್ತಾಗಿ ಸಾಲನ್ನು ಮುಗಿಸಿದ ಮೆಥೋದಿಯನ ದೇವರು, ನಮ್ಮ ಹೊಲದ ಸಾಲನ್ನೂ ಕಡೆಯ ವರೆಗೆ ಉಳುವದಕ್ಕೆ ನಮಗೆ ಬಲವನ್ನು ಅನುಗ್ರಹಿಸಲಿ.